ಚಳಿಗಾಲದ ವ್ಯಾಯಾಮಕ್ಕೆ ಮನೆಯಲ್ಲೇ ಹೊಲಿಯುವ ಉಡುಪು: ಬಟ್ಟೆಯ ಆಯ್ಕೆ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಚಳಿಗಾಲ ಕಠೋರವಾದುದಲ್ಲ. ನೀರು ಹೆಪ್ಪುಗಟ್ಟುವ ಚಳಿ ಇಲ್ಲಿಗೆ ಬರುವುದಿಲ್ಲ. ಮಧ್ಯಾಹ್ನವಾದರೆ ಅಂಗಿಯ ತೋಳು ಮಡಿಸಿಕೊಳ್ಳುವಷ್ಟು ಬಿಸಿಲು ಏರುತ್ತದೆ. ಆದರೂ ನವೆಂಬರಿನಿಂದ ಫೆಬ್ರುವರಿಯವರೆಗೆ ನಸುಕಿನಲ್ಲಿ ಮನೆ ಬಿಟ್ಟು ಹೊರಡುವವರಿಗೆ ಥಂಡಿಯ ಬಿಸಿ ಚೆನ್ನಾಗಿಯೇ ತಟ್ಟುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಬಯಲಿನಲ್ಲಿ, ರಾತ್ರಿಯ ಆಕಾಶ ಮೋಡವಿಲ್ಲದೆ ತಿಳಿಯಾಗಿದ್ದಾಗ ನೆಲವು ಹಗಲಿನ ಶಾಖವನ್ನು ಬೇಗನೆ ಬಿಟ್ಟುಕೊಡುತ್ತದೆ, ತಣ್ಣಗಾದ ಗಾಳಿ ಭಾರವಾಗಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಇಕ್ಕೆಲದ ತಗ್ಗಿಗೆ ಇಳಿದು ನಿಲ್ಲುತ್ತದೆ, ನೀರುಂಡ ಕಬ್ಬಿನ ಹೊಲಗಳ ತೇವವೂ ಅದಕ್ಕೆ ಸೇರಿ ಇಬ್ಬನಿಯಾಗಿ, ಕೆಲವು ದಿನ ಮಂಜಾಗಿ ಕೂಡುತ್ತದೆ. ಬೆಳಗಿನ ಜಾವ 15 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕೆಳಗೆ ಇರುವ ಉಷ್ಣತೆ ಮಧ್ಯಾಹ್ನದ ಹೊತ್ತಿಗೆ 30 ಡಿಗ್ರಿಯ ಸಮೀಪಕ್ಕೆ ಬರುತ್ತದೆ. ಒಂದೇ ದಿನದಲ್ಲಿ ಇಷ್ಟು ಅಂತರವಿರುವ, ಬೆಳಗಿನಲ್ಲಿ ತೇವದಿಂದ ಕೂಡಿರುವ, ಮೂರು ನಾಲ್ಕು ತಾಸಿಗಿಂತ ಹೆಚ್ಚು ಉಳಿಯದ ಚಳಿ ಇದು.

ಈ ಚಳಿಯಲ್ಲಿಯೇ ಮೈ ಬೆವರಿಸುವ ಜನ ಈ ಭಾಗದಲ್ಲಿ ಕಡಿಮೆಯಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿ ಜಿಲ್ಲೆಯಲ್ಲಿ ಸೈನ್ಯಕ್ಕೆ ಸೇರುವುದು ಎಷ್ಟೋ ಮನೆಗಳಲ್ಲಿ ಹಿರಿಯರಿಂದ ಬಂದ ಹಂಬಲ. ಸೇನಾ ಭರ್ತಿಯ 1.6 ಕಿಲೋಮೀಟರ್ ಓಟಕ್ಕೂ ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೂ ಅಣಿಯಾಗುವ ಯುವಕ ಯುವತಿಯರು ಸೂರ್ಯ ಹುಟ್ಟುವ ಮೊದಲೇ ರಸ್ತೆಯ ಬದಿಯಲ್ಲೂ ಶಾಲೆಯ ಮೈದಾನದಲ್ಲೂ ಓಡುತ್ತಾರೆ. ತಾಲೀಮಿಗೆ ಹೋಗುವ ಪೈಲವಾನರು, ಕಬಡ್ಡಿ ಮತ್ತು ಖೋಖೋ ಆಡುವ ಮಕ್ಕಳು, ಸೈಕಲ್ ತುಳಿಯುವವರು, ವೈದ್ಯರ ಮಾತಿನಂತೆ ನಡಿಗೆಗೆ ಹೊರಟ ನಡುವಯಸ್ಸಿನವರು, ಸಕ್ಕರೆ ಕಾರ್ಖಾನೆಗಳ ಹಂಗಾಮು ಆರಂಭವಾದೊಡನೆ ಕಬ್ಬು ಕಡಿಯಲು ಬರುವ ಗ್ಯಾಂಗಿನವರು, ಇವರೆಲ್ಲರೂ ಅದೇ ಹೊತ್ತಿನಲ್ಲಿ ದುಡಿಯುವ ದೇಹಗಳು. ಇವರಲ್ಲಿ ಬಹುತೇಕರ ಮನೆಯಲ್ಲೋ ಓಣಿಯಲ್ಲೋ ಒಂದು ಹೊಲಿಗೆ ಯಂತ್ರವಿರುತ್ತದೆ. ಸಾವಿರಾರು ರೂಪಾಯಿಯ ಹೆಸರುವಾಸಿ ಉಡುಪು ಕೊಳ್ಳಲಾಗದ ಮನೆಯಲ್ಲಿ ಕೂಡ ಬಟ್ಟೆಯ ಗುಣ ತಿಳಿದು ಹೊಲಿದರೆ ಅದಕ್ಕೆ ಸರಿಗಟ್ಟುವ ಉಡುಪು ಸಿದ್ಧವಾಗುತ್ತದೆ. ಹೊಲಿಗೆ ಬಲ್ಲವರಿಗೆ ಕಷ್ಟವಾಗುವುದು ಕತ್ತರಿ ಹಿಡಿದ ಮೇಲಲ್ಲ, ಅಂಗಡಿಯಲ್ಲಿ ತಾಗಾಗಳ ಮುಂದೆ ನಿಂತಾಗ.

ಆಯ್ಕೆಯ ಮೂಲತತ್ತ್ವವನ್ನು ಅರಿಯಲು ದೇಹದ ಶಾಖದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಸುಮ್ಮನೆ ಕುಳಿತ ವಯಸ್ಕ ವ್ಯಕ್ತಿಯ ದೇಹ ಸುಮಾರು 100 ವಾಟ್‌ನಷ್ಟು ಶಾಖವನ್ನು ಹೊರಸೂಸುತ್ತದೆ. ಅದೇ ವ್ಯಕ್ತಿ ಓಡತೊಡಗಿದರೆ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಕಾಲು ಪಾಲಿನಷ್ಟು ಮಾತ್ರ ಚಲನೆಗೆ ಸಂದು, ಉಳಿದದ್ದೆಲ್ಲ ಶಾಖವಾಗಿ ಹೊರಬೀಳುವುದರಿಂದ ಆ ಪ್ರಮಾಣ ಎಂಟು ಹತ್ತು ಪಟ್ಟು ಏರುತ್ತದೆ. ಬಟ್ಟೆಯ ಬೆಚ್ಚಗಿಡುವ ಗುಣವನ್ನು ಅಳೆಯಲು ವಿಜ್ಞಾನಿಗಳು 1941ರಲ್ಲಿ ‘ಕ್ಲೋ’ ಎಂಬ ಮಾನವನ್ನು ರೂಪಿಸಿದರು; ಗಾಳಿಯಾಡದ, 21 ಡಿಗ್ರಿ ಉಷ್ಣತೆಯ ಕೋಣೆಯಲ್ಲಿ ಕುಳಿತವನಿಗೆ ಹಿತವೆನಿಸುವಷ್ಟು ಉಡುಪನ್ನು ಒಂದು ಕ್ಲೋ ಎಂದು ಕರೆದರು. ಕುಳಿತವನಿಗೆ ಹಿತವಾದ ಆ ಉಡುಪೇ ಓಡುವವನಿಗೆ ಹೊರೆಯಾಗುತ್ತದೆ. ಆದ್ದರಿಂದ 14 ಡಿಗ್ರಿಯ ಬೆಳಗಿನಲ್ಲಿ ಓಟಕ್ಕೆ ಹೊರಟವನಿಗೆ ಮೊದಲ ಹತ್ತು ನಿಮಿಷ ಚಳಿ ತಡೆಯುವ ಬಟ್ಟೆ ಬೇಕು, ಅದರ ನಂತರ ಬೆವರನ್ನು ಹೊರಗೆ ಬಿಡುವ ಬಟ್ಟೆ ಬೇಕು, ಓಟ ನಿಲ್ಲಿಸಿದ ಕೂಡಲೇ ಮತ್ತೆ ಚಳಿ ತಡೆಯುವ ಬಟ್ಟೆ ಬೇಕು. ಕೊನೆಯ ಘಟ್ಟವನ್ನು ಜನ ಮರೆಯುವುದೇ ಹೆಚ್ಚು. ಸೋಜಿಗವೆಂದರೆ ನಿಜವಾದ ತೊಂದರೆ ಹುಟ್ಟುವುದು ಅಲ್ಲಿಯೇ.

ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2,400 ಜೂಲ್‌ನಷ್ಟು ಶಾಖ ಬೇಕು. ಓಟ ಮುಗಿದ ಮೇಲೆ ಅಂಗಿಯಲ್ಲಿ 100 ಗ್ರಾಂ ಬೆವರು ಉಳಿದಿದ್ದು, ಅದು ಮೈಮೇಲೆಯೇ ಆರುತ್ತದೆ ಎಂದುಕೊಂಡರೆ, ಆ ಶಾಖವನ್ನು ಅದು ಬಹುಮಟ್ಟಿಗೆ ಮೈಯಿಂದಲೇ ಎಳೆದುಕೊಳ್ಳುತ್ತದೆ. ಕುಳಿತ ದೇಹ 40 ನಿಮಿಷದಲ್ಲಿ ಹುಟ್ಟಿಸುವಷ್ಟು ಶಾಖ ಅಷ್ಟರಲ್ಲಿಯೇ ಹೊರಟುಹೋಗುತ್ತದೆ. ಇದರ ಮೇಲೆ, ನೀರು ಶಾಖವನ್ನು ಸಾಗಿಸುವ ವೇಗ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಬಟ್ಟೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯ ಬಲದಿಂದ. ಆ ಗಾಳಿಯ ಜಾಗವನ್ನು ಬೆವರು ತುಂಬಿದ ಗಳಿಗೆಯಿಂದ ಎಷ್ಟು ದಪ್ಪನೆಯ ಬಟ್ಟೆಯಾದರೂ ತಣ್ಣೀರಿನ ಹೊದಿಕೆಯೇ ಸರಿ. ಹೀಗಾಗಿ ವ್ಯಾಯಾಮದ ಉಡುಪಿಗೆ ಬಟ್ಟೆಯನ್ನು ದಪ್ಪ ನೋಡಿ ಆರಿಸಬಾರದು; ಅದು ಬೆವರಿನೊಡನೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಿ ಆರಿಸಬೇಕು. ಒಳಮೈಯಲ್ಲಿ ಜೂಲು ಎಬ್ಬಿಸಿದ ದಪ್ಪ ಹತ್ತಿಯ ಟ್ರ್ಯಾಕ್‌ಸೂಟು ಸಂತೆಯಲ್ಲೂ ಅಂಗಡಿಯಲ್ಲೂ ಬಲು ಬೇಗ ಮಾರಾಟವಾಗುತ್ತದೆ, ಮುಟ್ಟಿದರೆ ಮೆತ್ತಗೂ ಬೆಚ್ಚಗೂ ಇರುತ್ತದೆ. ಓಡುವವರಿಗೆ ಅದಕ್ಕಿಂತ ತಪ್ಪು ಆಯ್ಕೆ ಇನ್ನೊಂದಿಲ್ಲ.

ನೂಲಿನ ಮೂಲವಾದ ಎಳೆಗಳ ಗುಣವನ್ನು ಇಲ್ಲಿ ವಿವರವಾಗಿ ಹೇಳಬೇಕಾಗುತ್ತದೆ. ಸಾಧಾರಣ ಹವೆಯಲ್ಲಿ ಎಳೆಯೊಂದು ತನ್ನೊಳಗೆ ಹಿಡಿದುಕೊಳ್ಳುವ ತೇವದ ಪಾಲಿಗೆ ತೇವಧಾರಣೆ ಎನ್ನಬಹುದು. ಹತ್ತಿಯಲ್ಲಿ ಇದು ಒಣ ತೂಕದ ಶೇ. 8ರಷ್ಟು, ಉಣ್ಣೆಯಲ್ಲಿ ಶೇ. 16ರಷ್ಟು, ಪಾಲಿಯೆಸ್ಟರ್‌ನಲ್ಲಿ ಶೇ. 0.4 ಮಾತ್ರ. ಹತ್ತಿ ಬೆವರನ್ನು ಒಳಗೂ ಹೊರಗೂ ಹೀರಿ, ಉಬ್ಬಿ, ಮೈಗೆ ಅಂಟಿ, ಬಹಳ ಹೊತ್ತು ಆರದೆ ಉಳಿಯುತ್ತದೆ. ಬೇಸಿಗೆಯಲ್ಲಿ ಈ ಗುಣವೇ ವರ, ಏಕೆಂದರೆ ಆಗ ಮೈ ತಣ್ಣಗಾಗುವುದೇ ಬೇಕಾಗಿರುತ್ತದೆ. ಪಾಲಿಯೆಸ್ಟರ್ ಎಳೆ ತೇವವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಎಳೆಗಳ ನಡುವಿನ ಸಂದುಗಳಲ್ಲಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಬೆವರು ಮೈಯಿಂದ ಹೊರಮೈಗೆ ಹರಿದು ಅಗಲವಾಗಿ ಹರಡಿ ಬೇಗ ಆರುತ್ತದೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು ಈ ಎಳೆಯನ್ನು ಕಂಡುಹಿಡಿದಾಗ ಅದರ ಹೆಚ್ಚುಗಾರಿಕೆ ಸುಕ್ಕಾಗದಿರುವುದು ಎಂದೇ ಜನ ತಿಳಿದಿದ್ದರು. ಎಳೆಯ ಉದ್ದಕ್ಕೂ ಗೀರುಗಾಲುವೆಗಳಿರುವಂತೆ ತಯಾರಿಸಿ ಬೆವರು ಸಾಗಿಸಲು ಬಳಸತೊಡಗಿದ್ದು ಎಷ್ಟೋ ಕಾಲದ ನಂತರ. ಪಾಲಿಯೆಸ್ಟರ್ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲ ಬಟ್ಟೆಯೂ ಹೀಗೆ ನಡೆದುಕೊಳ್ಳುವುದಿಲ್ಲ. ಸೀರೆ, ಪರದೆಗಳಿಗಾಗಿ ನೇಯ್ದ ನುಣುಪು ಪಾಲಿಯೆಸ್ಟರ್ ಬೆವರನ್ನು ಸಾಗಿಸುವುದೂ ಇಲ್ಲ, ಹೀರುವುದೂ ಇಲ್ಲ, ಅದರಡಿಯಲ್ಲಿ ಮೈ ಜಿಬಿಜಿಬಿ ಎನ್ನುತ್ತದೆ.

ಉಣ್ಣೆಯ ರೀತಿ ಬೇರೆ. ಅದು ತೇವವನ್ನು ಆವಿಯ ರೂಪದಲ್ಲಿಯೇ ಎಳೆಯ ಒಡಲಿಗೆ ಸೆಳೆದುಕೊಳ್ಳುತ್ತದೆ, ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವ ಹಿಡಿದ ಮೇಲೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ, ಹಾಗೆ ಸೆಳೆದುಕೊಳ್ಳುವಾಗ ಸ್ವಲ್ಪ ಶಾಖವನ್ನೂ ಹೊರಬಿಡುತ್ತದೆ. ಈ ಗುಣವನ್ನು ಗಡಿನಾಡಿನ ಕುರುಬರು ಪುಸ್ತಕದಿಂದ ಕಲಿತವರಲ್ಲ. ಉಣ್ಣೆಕಂಕಣ, ಹತ್ತಿಕಂಕಣ ಎಂದು ತಮ್ಮ ಬಳಗಗಳನ್ನೇ ನೂಲಿನಿಂದ ಗುರುತಿಸಿಕೊಂಡ ಆ ಸಮುದಾಯದ ಕೈಯಲ್ಲಿ ದಖ್ಖನಿ ಕುರಿಯ ತುಪ್ಪಟ ರಾಟಿಯಲ್ಲಿ ನೂಲಾಗಿ, ಹುಣಸೆಬೀಜದ ಗಂಜಿ ಕಂಡು, ಕುಣಿಮಗ್ಗದಲ್ಲಿ ಕಂಬಳಿಯಾಗಿದೆ; ಜಿಟಿಜಿಟಿ ಮಳೆಯಲ್ಲೂ ಮಾಗಿಯ ಇಬ್ಬನಿಯಲ್ಲೂ ಬಯಲಲ್ಲಿ ಮಲಗುವ ಕುರಿಗಾಹಿಯನ್ನು ಕಾದಿದೆ. ನಿಪ್ಪಾಣಿ ತಾಲೂಕಿನ ಅಕ್ಕೋಳದಲ್ಲಿ ಜನಿಸಿದ ಸಂತ ಬಾಳುಮಾಮಾ ಅವರ ಹೆಸರಿನ ಕುರಿಹಿಂಡುಗಳು ಈಗಲೂ ಈ ಸೀಮೆಯ ಹೊಲಗಳಲ್ಲಿ ತಂಗುತ್ತವೆ. ಇಷ್ಟು ಉಣ್ಣೆಯ ನಡುವೆ ಬದುಕುವ ಜನ ವ್ಯಾಯಾಮದ ಉಡುಪಿಗೆ ಅದನ್ನೇಕೆ ಬಳಸಬಾರದು ಎಂಬ ಪ್ರಶ್ನೆ ಸಹಜವಾದುದು. ಅಡ್ಡಿಯಿರುವುದು ಎಳೆಯ ದಪ್ಪದಲ್ಲಿ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಸುಮಾರು 30 ಮೈಕ್ರಾನ್‌ಗಿಂತ ದಪ್ಪನಾದ ಎಳೆಯ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ; ದಖ್ಖನಿ ತುಪ್ಪಟದಲ್ಲಿ ಅಂಥ ಒರಟು ಎಳೆಗಳೇ ಹೆಚ್ಚು. ಮೈಗೆ ತಾಗುವಂತೆ ತೊಡುವ ಮೆರಿನೊ ಉಣ್ಣೆಯ ಎಳೆ 20 ಮೈಕ್ರಾನ್‌ಗೂ ತೆಳುವಾಗಿರುತ್ತದೆ, ಅದು ಈ ಭಾಗದ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಸರಕಲ್ಲ, ಸಿಕ್ಕರೂ ತುಟ್ಟಿ. ಹೀಗೆಂದು ಕಂಬಳಿಯನ್ನು ಕೈಬಿಡಬೇಕಾಗಿಲ್ಲ. ಓಟ ಮುಗಿಸಿದವನಿಗೆ ಮೊದಲ ಕಾಲುಗಂಟೆ ಹೆಗಲ ಮೇಲೆ ಬೇಕಾದ ಹೊದಿಕೆ ಅದೇ: ಒದ್ದೆ ಅಂಗಿಯನ್ನು ತೆಗೆದು, ಒಣ ಬನಿಯನ್ ತೊಟ್ಟು, ಅದರ ಮೇಲೆ ಕಂಬಳಿ ಹೊದ್ದರೆ ಮೇಲೆ ಹೇಳಿದ 40 ನಿಮಿಷದ ಶಾಖದ ನಷ್ಟ ಬಹುಪಾಲು ತಪ್ಪುತ್ತದೆ.

ಪ್ರತಿ ಚಳಿಗಾಲ ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಲ್ಲಿ ಟಿಬೆಟನ್ನರು ಹಾಕುವ ಸ್ವೆಟರ್ ಅಂಗಡಿಗಳಿಗೂ ಇತರ ಅಂಗಡಿಗಳಿಗೂ ಲುಧಿಯಾನದಿಂದ ಬರುವ ಸರಕಿನಲ್ಲಿ ಉಣ್ಣೆಯೂ ಇರುತ್ತದೆ, ಅಕ್ರಿಲಿಕ್ ಎಂಬ ಕೃತಕ ಎಳೆಯೂ ಇರುತ್ತದೆ, ಎರಡರ ಬೆರಕೆಯೂ ಇರುತ್ತದೆ. ಅಕ್ರಿಲಿಕ್ ಕೆಟ್ಟದ್ದಲ್ಲ, ಹಗುರ, ಅಗ್ಗ, ಬೆಚ್ಚಗಿನದು. ಆದರೆ ಅದಕ್ಕೆ ಉಣ್ಣೆಯ ತೇವಧಾರಣೆ ಇಲ್ಲ. ಬಟ್ಟೆ ಯಾವುದೆಂದು ತಿಳಿಯಲು ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ತಟ್ಟೆಯ ಮೇಲೆ ಕಡ್ಡಿ ಗೀರಿ ನೋಡಬಹುದು. ಹತ್ತಿ ಸುಟ್ಟ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಬೆಂಕಿ ಸರಿಸಿದೊಡನೆ ತಾನಾಗಿ ನಂದುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಮತ್ತು ಅಕ್ರಿಲಿಕ್ ಕರಗಿ, ಆರಿದ ಮೇಲೆ ಪುಡಿಯಾಗದ ಗಟ್ಟಿ ಮಣಿಯಾಗುತ್ತವೆ. ಈ ಪರೀಕ್ಷೆಯಿಂದ ಇನ್ನೊಂದು ಎಚ್ಚರವೂ ಮೂಡಬೇಕು. ಮಾಗಿಯ ಬೆಳಗಿನಲ್ಲಿ ರವದಿ, ಕಟ್ಟಿಗೆ ಹಚ್ಚಿ ಬೆಂಕಿ ಕಾಯಿಸಿಕೊಳ್ಳುವುದು ಈ ಊರುಗಳ ರೂಢಿ. ಪಾಲಿಯೆಸ್ಟರ್ ಉಡುಪಿನ ಮೇಲೆ ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೇ ಅಂಟುತ್ತದೆ. ಅಂಥ ಉಡುಪು ತೊಟ್ಟವರು, ಮುಖ್ಯವಾಗಿ ಮಕ್ಕಳು, ಬೆಂಕಿಯ ಸನಿಹ ಕೂಡಬಾರದು.

ಎಳೆಯ ಗುಣ ಅರ್ಧ ಭಾಗವಾದರೆ ಉಳಿದರ್ಧ ರಚನೆಯದು. ಹಾಸು ಮತ್ತು ಹೊಕ್ಕುಗಳು ಲಂಬವಾಗಿ ಕೂಡಿದ ನೇಯ್ಗೆ ಬಟ್ಟೆ ಹಿಗ್ಗುವುದಿಲ್ಲ. ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಹೆಣೆದುಕೊಂಡ ಹೆಣಿಗೆ ಬಟ್ಟೆ, ಜನರ ಮಾತಿನಲ್ಲಿ ಹೊಸೈರಿ ಬಟ್ಟೆ, ಹಿಗ್ಗಿ ಮತ್ತೆ ಕುಗ್ಗುತ್ತದೆ. ನೇಯ್ಗೆ ಬಟ್ಟೆಗೆ ಈ ಸೀಮೆ ದೂರ ಹೋಗಬೇಕಾಗಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಮೊದಲ ಪವರ್‌ಲೂಮ್ ಹೂಡಿದ ಇಚಲಕರಂಜಿ ಗಡಿಯಾಚೆ ಹತ್ತಿರದಲ್ಲೇ ಇದೆ, ಈಚೆ ಬದಿಯ ಮಾಣಕಾಪುರದಲ್ಲೂ ಮಗ್ಗಗಳ ಸದ್ದಿದೆ. ಹೆಣಿಗೆ ಬಟ್ಟೆ ಮಾತ್ರ ಬಹುಮಟ್ಟಿಗೆ ತಿರುಪ್ಪೂರು, ಲುಧಿಯಾನ, ಸೂರತ್ತಿನ ಕಡೆಯಿಂದ ಬರಬೇಕು. ಒಂದು ಪದರದ ಸಿಂಗಲ್ ಜರ್ಸಿ ಬನಿಯನ್ನಿನ ಬಟ್ಟೆ. ಕತ್ತರಿಸಿದೊಡನೆ ಅಂಚು ಸುರುಳಿ ಸುತ್ತಿಕೊಳ್ಳುವುದರಿಂದ ಹೊಸದಾಗಿ ಕಲಿಯುವವರ ಕೈಗೆ ಬಗ್ಗುವುದಿಲ್ಲ. ಎರಡು ಪದರ ಬೆಸೆದಂತಿರುವ ಇಂಟರ್‌ಲಾಕ್ ಸುರುಳಿಯಾಗದು, ಎರಡೂ ಮೈ ಒಂದೇ ಬಗೆ, ಮನೆಯ ಯಂತ್ರಕ್ಕೆ ಹೇಳಿ ಮಾಡಿಸಿದ್ದು. ನೆರಿಗೆಯಂತೆ ಏರಿಳಿತವಿರುವ ರಿಬ್ ಕೊರಳಿಗೂ ಮುಂಗೈ ಪಟ್ಟಿಗೂ ತಕ್ಕದ್ದು. ಎರಡೂ ಬದಿ ಜೂಲಿರುವ ಪೋಲಾರ್ ಫ್ಲೀಸ್ ಬಟ್ಟೆಯನ್ನು ಅಮೆರಿಕದ ಮಾಲ್ಡನ್ ಮಿಲ್ಸ್ 1979ರಲ್ಲಿ ರೂಪಿಸಿತು. ಅದು ನಡಿಗೆಯವರಿಗೂ ಹಿರಿಯರಿಗೂ ಸೊಗಸಾದ ಬಟ್ಟೆ, ಆದರೆ ಗಾಳಿಯನ್ನು ತಡೆಯದು, ಓಟಕ್ಕೆ ಅತಿ ಬಿಸಿ.

ಬಟ್ಟೆಯ ತೂಕವನ್ನು ಜಿಎಸ್ಎಂ ಎಂಬ ಮಾನದಲ್ಲಿ ಹೇಳುತ್ತಾರೆ, ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಈ ಸೀಮೆಯ ಓಟಗಾರರಿಗೆ ಒಳಗಿನ ಅಂಗಿಗೆ 130ರಿಂದ 160, ಕಾಲಿಗೆ ಅಂಟುವ ಚಲ್ಲಣಕ್ಕೆ 200ರಿಂದ 230, ನಡಿಗೆಯವರ ಮೇಲಂಗಿಗೆ 220ರಿಂದ 260 ಜಿಎಸ್ಎಂ ಸಾಕು. 300 ದಾಟಿದ ಬಟ್ಟೆ ಇಲ್ಲಿಯ ಚಳಿಗೆ ಅನಗತ್ಯ. ಕಟ್‌ಪೀಸ್ ಅಂಗಡಿಯಲ್ಲಿ ಈ ಸಂಖ್ಯೆ ಬರೆದಿರುವುದಿಲ್ಲವಾದ್ದರಿಂದ ಅಳೆಯುವ ಸುಲಭ ಉಪಾಯ ಗೊತ್ತಿರಬೇಕು. ಬಟ್ಟೆಯ ತುಂಡೊಂದನ್ನು ಅಳತೆಪಟ್ಟಿ ಇಟ್ಟು ಸರಿಯಾಗಿ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ಚಿನ್ನ ತೂಗುವ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಬಂದ ಗ್ರಾಮನ್ನು ನೂರರಿಂದ ಗುಣಿಸಿದರೆ ಜಿಎಸ್ಎಂ ಸಿಗುತ್ತದೆ: ತುಂಡು ಒಂದೂವರೆ ಗ್ರಾಂ ತೂಗಿದರೆ ಬಟ್ಟೆ 150 ಜಿಎಸ್ಎಂ. ಹೊಸೈರಿ ಬಟ್ಟೆಯನ್ನು ಸಗಟು ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಮಾರುವುದರಿಂದ ಈ ಲೆಕ್ಕ ಹಣದ ದೃಷ್ಟಿಯಿಂದಲೂ ಬೇಕಾದುದು. ಒಂದೂವರೆ ಮೀಟರ್ ಪನ್ನದ 150 ಜಿಎಸ್ಎಂ ಬಟ್ಟೆ ಕಿಲೋಗೆ ನಾಲ್ಕೂವರೆ ಮೀಟರಿಗೆ ಸ್ವಲ್ಪ ಕಡಿಮೆ ಬರುತ್ತದೆ, ಅದೇ ಪನ್ನದ 250 ಜಿಎಸ್ಎಂ ಬಟ್ಟೆ ಎರಡೂಮುಕ್ಕಾಲು ಮೀಟರನ್ನೂ ಮುಟ್ಟುವುದಿಲ್ಲ. ದಪ್ಪ ಬಟ್ಟೆಯ ಮೋಹ ಮೈಗೂ ನಷ್ಟ, ಕೈಗೂ ನಷ್ಟ.

ಅಂಗಡಿಯಲ್ಲಿ ನಿಂತು ಮಾಡಬಹುದಾದ ಪರೀಕ್ಷೆಗಳಿಗೆ ಸಲಕರಣೆ ಬೇಕಿಲ್ಲ. ಬಟ್ಟೆಯ ಒಳಮೈ ಮೇಲೆ ಒಂದು ಹನಿ ನೀರು ಬಿಟ್ಟು ನೋಡಬೇಕು: ಹನಿ ಮಣಿಯಾಗಿ ಉಳಿದರೆ ಆ ಬಟ್ಟೆ ಮೈಗೆ ತಾಗುವ ಅಂಗಿಗೆ ಬೇಡ, ಬಿದ್ದಲ್ಲೇ ಇಂಗಿ ಕಪ್ಪು ಚುಕ್ಕೆಯಾಗಿ ನಿಂತರೆ ಹತ್ತಿಯ ಪಾಲು ಹೆಚ್ಚು, ನೋಡುನೋಡುತ್ತಿದ್ದಂತೆ ಅಗಲವಾಗಿ ಹರಡಿ ಬಣ್ಣ ತಿಳಿಯಾಗುತ್ತ ಬಂದರೆ ಅದೇ ಬೇಕಾದ ಬಟ್ಟೆ. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿದಾಗ ಉಸಿರು ಸಲೀಸಾಗಿ ದಾಟಿದರೆ ಬೆವರಿನ ಆವಿಗೂ ದಾರಿಯಿದೆ, ದಾಟದಿದ್ದರೆ ಅದು ಗಾಳಿ ತಡೆಯುವ ಹೊರಪದರಕ್ಕೆ ಮಾತ್ರ ಸಲ್ಲುತ್ತದೆ. ಹಿಗ್ಗುವಿಕೆಯನ್ನು ನೋಡಲು 10 ಸೆಂಟಿಮೀಟರ್ ಗುರುತಿಟ್ಟು ಎಳೆಯಬೇಕು. ಅಂಗಿಗೆ 12 ಅಥವಾ 13ರವರೆಗೆ, ಅಂಟುವ ಚಲ್ಲಣಕ್ಕೆ 15ರವರೆಗೆ ಹಿಗ್ಗಿ, ಬಿಟ್ಟೊಡನೆ ಮತ್ತೆ 10ಕ್ಕೆ ಮರಳಬೇಕು. ಮರಳದಿದ್ದರೆ ಆ ಚಲ್ಲಣದ ಮೊಣಕಾಲು ತಿಂಗಳೊಳಗೆ ಜೋತುಬೀಳುವುದು ಖಚಿತ. ಈ ಮರಳುವ ಶಕ್ತಿಯನ್ನು ಕೊಡುವುದು ಸ್ಪ್ಯಾಂಡೆಕ್ಸ್ ಅಥವಾ ಲೈಕ್ರಾ ಎಂಬ ಎಳೆ. ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ರೂಪಿಸಿದ ಇದು ಅಂಗಿಯಲ್ಲಿ ಶೇ. 4ರಿಂದ 8, ಚಲ್ಲಣದಲ್ಲಿ ಶೇ. 15ರಿಂದ 20 ಇದ್ದರೆ ಸಾಕು.

ಇಷ್ಟು ತಿಳಿದ ಮೇಲೆ ಮನೆಯ ಹೊಲಿಗೆಗೆ ಇರುವ ನಿಜವಾದ ಅನುಕೂಲ ಗೋಚರಿಸುತ್ತದೆ. ಸಿದ್ಧ ಉಡುಪಿನ ಅಗ್ಗದ ಸರಕಿನಲ್ಲಿ ಎದೆಗೂ ಬೆನ್ನಿಗೂ ಕಂಕುಳಿಗೂ ಒಂದೇ ಬಟ್ಟೆ ಇರುತ್ತದೆ, ದೇಹ ಮಾತ್ರ ಎಲ್ಲೆಡೆ ಒಂದೇ ರೀತಿ ವರ್ತಿಸುವುದಿಲ್ಲ. ಎದೆ, ಹೊಟ್ಟೆ, ತೊಡೆಯ ಮುಂಭಾಗಕ್ಕೆ ಎದುರುಗಾಳಿ ಬಡಿಯುತ್ತದೆ. ಬೆನ್ನಿನ ನಡುವೆ, ಕಂಕುಳಲ್ಲಿ, ಮೊಣಕಾಲ ಹಿಂದೆ ಬೆವರು ಹೆಚ್ಚು. ಮನೆಯಲ್ಲಿ ಹೊಲಿಯುವವರು ಒಂದೇ ಉಡುಪಿನಲ್ಲಿ ಒಂದೊಂದು ಕಡೆಗೆ ಒಂದೊಂದು ಬಟ್ಟೆ ಇಡಬಲ್ಲರು. ಒಳಗಿನ ಉದ್ದ ತೋಳಿನ ಅಂಗಿಯನ್ನು ಪಾಲಿಯೆಸ್ಟರ್ ಇಂಟರ್‌ಲಾಕ್‌ನಲ್ಲಿ ಹೊಲಿದು, ಕಂಕುಳಿಗೂ ಬೆನ್ನಿನ ನಡುಪಟ್ಟಿಗೂ ಕ್ರಿಕೆಟ್ ಅಂಗಿಗಳಿಗೆ ಬಳಸುವ ಜಾಳಿಗೆ ಬಟ್ಟೆ ಕೂಡಿಸಬಹುದು. ಅದರ ಮೇಲೆ ತೋಳಿಲ್ಲದ ಕೋಟಿನಂಥ ಒಂದು ಹೊರಪದರ: ಮುಂಭಾಗ ಮಾತ್ರ ಪ್ಯಾರಾಚೂಟ್ ಬಟ್ಟೆ ಎಂದು ಅಂಗಡಿಯವರು ಕರೆಯುವ ತೆಳು ನೈಲಾನ್, ಹಿಂಭಾಗ ಪೂರ್ತಿ ಜಾಳಿಗೆ, ನಡುವೆ ಕೊರಳವರೆಗಿನ ಜಿಪ್. ಸೈಕಲ್ ತುಳಿಯುವವರಿಗೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ತಾವೇ ಹುಟ್ಟಿಸಿಕೊಳ್ಳುವ ಗಾಳಿಯ ಎದುರು ಈ ಪದರ ಇಲ್ಲದಿದ್ದರೆ ನಡೆಯದು. ಬಿಸಿಲೇರಿದ ಮೇಲೆ ಅದನ್ನು ತೆಗೆದು ಮಡಿಸಿ ಜೇಬಿನಲ್ಲಿಟ್ಟುಕೊಳ್ಳಬಹುದು. ದಪ್ಪ ಟ್ರ್ಯಾಕ್‌ಸೂಟಿಗೆ ಈ ಅನುಕೂಲ ಎಲ್ಲಿಯದು? ನೈಲಾನ್ ಸಿಗದಿದ್ದಲ್ಲಿ ಒತ್ತಾಗಿ ನೇಯ್ದ ಇಚಲಕರಂಜಿಯ ಪಾಪ್ಲಿನ್ ಕೂಡ ಎದೆಯ ಮುಂಭಾಗಕ್ಕೆ ಬಂದೀತು, ಏಕೆಂದರೆ ಗಾಳಿ ತಡೆಯುವುದು ದಪ್ಪದಿಂದಲ್ಲ, ಎಳೆಗಳ ಒತ್ತಿನಿಂದ.

ಹೆಣ್ಣುಮಕ್ಕಳ ಉಡುಪಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಹಳ್ಳಿಯ ರಸ್ತೆಯಲ್ಲಿ ಓಡುವ ಹುಡುಗಿ ಮೈಗಂಟಿದ ಚಲ್ಲಣವನ್ನಷ್ಟೇ ತೊಡಲು ಹಿಂಜರಿದು ಹತ್ತಿಯ ಸಲ್ವಾರಿನಲ್ಲಿ ಓಡುವುದು, ಅದು ಒದ್ದೆಯಾಗಿ ಕಾಲಿಗೆ ತೊಡರುವುದು ಸಾಮಾನ್ಯ. ಅಂಟುವ ಚಲ್ಲಣದ ಮೇಲೆ ಮೊಣಕಾಲವರೆಗಿನ, ಬದಿಯಲ್ಲಿ ಸೀಳಿರುವ ಹಗುರ ಪಾಲಿಯೆಸ್ಟರ್ ಚಡ್ಡಿಯನ್ನು ಸೊಂಟದಲ್ಲಿ ಒಂದೇ ಇಲಾಸ್ಟಿಕ್ ಪಟ್ಟಿಗೆ ಕೂಡಿಸಿ ಹೊಲಿದರೆ ಸಂಕೋಚವೂ ಕಳೆಯುತ್ತದೆ, ಕಾಲೂ ಬೆಚ್ಚಗಿರುತ್ತದೆ. ಚಲ್ಲಣಕ್ಕೆ ಬಟ್ಟೆ ಆರಿಸುವಾಗ ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡಬೇಕು. ಹಿಗ್ಗಿದಾಗ ಪಾರದರ್ಶಕವಾಗುವ ಬಟ್ಟೆ ಬೇಡ. ತೊಡೆಸಂದಿಯಲ್ಲಿ ನಾಲ್ಕು ಹೊಲಿಗೆ ಒಂದೆಡೆ ಕೂಡದಂತೆ ಗಾಳಿಪಟದ ಆಕಾರದ ಒಂದು ತುಂಡನ್ನು ಒಳಬದಿಯಲ್ಲಿ ಹತ್ತಿ ಅಸ್ತರದೊಡನೆ ಕೂಡಿಸುವುದು ಆರೋಗ್ಯಕ್ಕೂ ಒಳ್ಳೆಯದು, ಬಾಳಿಕೆಗೂ ಒಳ್ಳೆಯದು. ಬೆವರುವ ಮೈಗೆ ತಾಗುವ ಪದರದಲ್ಲಿ ಹತ್ತಿಗೆ ಸಲ್ಲುವ ಜಾಗ ಇದೊಂದೇ.

ಕಬ್ಬು ಕಡಿಯುವವರ ಅಗತ್ಯ ಇದಕ್ಕೆ ವಿರುದ್ಧವಾದುದು. ಕಬ್ಬಿನ ಎಲೆಯ ಅಂಚು ಗರಗಸದಂತಿರುವುದರಿಂದ ಹೊಸೈರಿ ಬಟ್ಟೆಯ ಕುಣಿಕೆಗಳಿಗೆ ಸಿಕ್ಕಿ ಎಳೆದುಬಿಡುತ್ತದೆ, ಎಲೆಯ ಸುಂಕು ಜೂಲಿನಲ್ಲಿ ಸಿಲುಕಿ ದಿನವಿಡೀ ತುರಿಸುತ್ತದೆ. ಅವರಿಗೆ ಹೊರಗೆ ಒತ್ತು ನೇಯ್ಗೆಯ, ಟಿ.ಸಿ. ಎಂದು ಕರೆಯುವ ಪಾಲಿಯೆಸ್ಟರ್-ಹತ್ತಿ ಬೆರಕೆಯ ಪೂರ್ಣ ತೋಳಿನ ಅಂಗಿ, ಮುಂಗೈಯಲ್ಲಿ ಗುಂಡಿ, ಒಳಗೆ ಬೆವರು ಸಾಗಿಸುವ ತೆಳು ಬನಿಯನ್ ಇರಬೇಕು.

ಇನ್ನು ಹೊಲಿಗೆ. ಹೆಣಿಗೆ ಬಟ್ಟೆಗೆ ಮೊನಚು ಸೂಜಿ ಹಾಕಿದರೆ ಅದು ಕುಣಿಕೆಯನ್ನು ಕತ್ತರಿಸುತ್ತ ಹೋಗಿ ಹೊಲಿಗೆಯ ಪಕ್ಕದಲ್ಲಿ ಸಣ್ಣ ತೂತುಗಳು ಮೂಡುತ್ತವೆ; ಬಾಲ್‌ಪಾಯಿಂಟ್ ಎಂದು ಕೇಳಿ ಪಡೆಯಬೇಕಾದ ದುಂಡುಮೊನೆಯ ಸೂಜಿ ಕುಣಿಕೆಗಳನ್ನು ಸರಿಸಿ ನಡುವೆ ಇಳಿಯುತ್ತದೆ. ತೆಳು ಬಟ್ಟೆಗೆ 11, ದಪ್ಪದ್ದಕ್ಕೆ 14 ನಂಬರು ಸಾಕು. ಹತ್ತಿ ದಾರ ಹಿಗ್ಗುವ ಬಟ್ಟೆಯಲ್ಲಿ ಪಟಕ್ಕನೆ ಹರಿಯುತ್ತದೆಯಾದ್ದರಿಂದ ಪಾಲಿಯೆಸ್ಟರ್ ದಾರವೇ ಆಗಬೇಕು. ಜಿಗ್‌ಜಾಗ್ ಸೌಲಭ್ಯವಿರುವ ಯಂತ್ರದಲ್ಲಿ ಕಿರಿದಾದ ಜಿಗ್‌ಜಾಗ್ ಹಾಕಬೇಕು. ಕಾಲಿನ ಯಂತ್ರದಲ್ಲಿ ನೇರ ಹೊಲಿಗೆ ಮಾತ್ರ ಬರುವುದಾದರೆ ಬಟ್ಟೆಯನ್ನು ಮುಂದೆ ಹಿಂದೆ ಎರಡೂ ಕೈಯಲ್ಲಿ ತುಸುವೇ ಬಿಗಿಹಿಡಿದು, ಎರಡರಿಂದ ಎರಡೂವರೆ ಮಿಲಿಮೀಟರ್ ಟಾಕಿನಲ್ಲಿ, ಒಂದರ ಪಕ್ಕ ಒಂದರಂತೆ ಎರಡು ಸಾಲು ಹೊಲಿಯಬೇಕು. ಬಳಿಕ ಪಿಕೋ-ಫಾಲ್ ಅಂಗಡಿಯಲ್ಲಿ ಅಂಚುಗಳಿಗೆ ಓವರ್‌ಲಾಕ್ ಹಾಕಿಸಿಕೊಂಡರೆ ಉಡುಪು ಗಟ್ಟಿಯಾಗುತ್ತದೆ. ಹೆಗಲಿನ ಹೊಲಿಗೆ ಹೆಗಲ ನೆತ್ತಿಯ ಮೇಲೆ ಬರದಂತೆ ಎರಡು ಸೆಂಟಿಮೀಟರ್ ಮುಂದಕ್ಕೆ ಸರಿಸಿದರೆ, ಬೆನ್ನಿಗೆ ಚೀಲ ಹೊತ್ತು ಓಡುವ ಸೇನಾ ಅಭ್ಯರ್ಥಿಗಳ ಹೆಗಲು ಉಜ್ಜಿ ಹೋಗುವುದಿಲ್ಲ. ಹತ್ತಿ ಬೆರೆತ ಹೊಸೈರಿಯನ್ನು ಕತ್ತರಿಸುವ ಮುನ್ನ ಒಮ್ಮೆ ಒಗೆದು ಆರಿಸಲೇಬೇಕು, ಅದು ಮೊದಲ ಒಗೆತದಲ್ಲಿ ಕುಗ್ಗುವ ಬಟ್ಟೆ.

ಪಾಲಿಯೆಸ್ಟರ್‌ನ ದೊಡ್ಡ ದೋಷ ವಾಸನೆ: ಬೆವರಿನ ಜಿಡ್ಡು ಅದರ ಎಳೆಗೆ ಅಂಟಿ ಉಳಿಯುತ್ತದೆ. ಉಡುಪನ್ನು ಒಳಮಗ್ಗಲು ತಿರುಗಿಸಿ ಅದೇ ದಿನ ಒಗೆಯಬೇಕು. ಬಟ್ಟೆ ಮೆತ್ತಗಾಗಲೆಂದು ಹಾಕುವ ದ್ರವಗಳು ಎಳೆಗಳ ಮೇಲೆ ಪದರ ಕಟ್ಟಿ ಬೆವರಿನ ದಾರಿಯನ್ನು ಮುಚ್ಚುವುದರಿಂದ ಅವನ್ನು ಬಳಸಬಾರದು, ಇಸ್ತ್ರಿಯ ಬಿಸಿಯನ್ನೂ ತಗ್ಗಿಸಬೇಕು. ಜೂಲು ಬಟ್ಟೆಯಿಂದ ಒಗೆತಕ್ಕೊಮ್ಮೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಉದುರುತ್ತವೆ. ಅಂಥದ್ದನ್ನು ನದಿಯ ದಂಡೆಯಲ್ಲಿ ಒಗೆಯದೆ ಮನೆಯಲ್ಲೇ ಒಗೆದರೆ ವೇದಗಂಗೆ, ದೂಧಗಂಗೆಗಳ ಮೀನಿಗೂ ಕುಡಿಯುವ ನೀರಿಗೂ ಅಷ್ಟರಮಟ್ಟಿಗೆ ಕೇಡು ತಪ್ಪುತ್ತದೆ.

ಬಣ್ಣದ ಆಯ್ಕೆಯನ್ನು ಅಂದಚೆಂದದ ವಿಷಯವೆಂದು ಬಿಟ್ಟುಬಿಡುವಂತಿಲ್ಲ. ಚಳಿಗಾಲವೇ ಕಬ್ಬಿನ ಹಂಗಾಮು. ನಸುಕಿನಲ್ಲಿ ಚಿಕ್ಕೋಡಿ, ಸದಲಗಾ, ಉಗಾರದ ರಸ್ತೆಗಳಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ಸಾಲಾಗಿ ಸಾಗುತ್ತವೆ, ಮಂಜಿನಲ್ಲಿ ಚಾಲಕನಿಗೆ ರಸ್ತೆಬದಿಯ ಕಪ್ಪು ಟ್ರ್ಯಾಕ್‌ಸೂಟು ಕಾಣುವುದೇ ಇಲ್ಲ. ಹಳದಿ, ತಿಳಿ ಹಸಿರು, ಬಿಳಿ ಬಣ್ಣಗಳು ಮುಂಬೆಳಗಿನ ಮಬ್ಬಿನಲ್ಲಿ ಎದ್ದು ಕಾಣುತ್ತವೆ. ಪೂರ್ತಿ ಕತ್ತಲೆಯಲ್ಲಿ ಬಣ್ಣ ಉಪಯೋಗಕ್ಕೆ ಬರುವುದಿಲ್ಲ, ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ರಿಫ್ಲೆಕ್ಟರ್ ಪಟ್ಟಿಯೇ ಬೇಕು. ಅದನ್ನು ಎದೆಗೆ ಮಾತ್ರ ಹಚ್ಚಿದರೆ ದೂರದಿಂದ ಅದು ಕಲ್ಲೋ ಕಂಬವೋ ತಿಳಿಯದು. ಪಾದದ ಗಂಟು, ಮೊಣಕಾಲು, ಮಣಿಕಟ್ಟುಗಳಲ್ಲಿ ಹಚ್ಚಿದಾಗ ಪಟ್ಟಿಗಳು ಓಟದ ಲಯಕ್ಕೆ ಏರಿಳಿದು ಚಲಿಸುತ್ತಿರುವುದು ಮನುಷ್ಯ ಎಂಬುದು ಚಾಲಕನಿಗೆ ಬಹಳ ಮುಂಚೆಯೇ ಹೊಳೆಯುತ್ತದೆ. ಈ ಪಟ್ಟಿ ಹಿಗ್ಗುವುದಿಲ್ಲವಾದ್ದರಿಂದ ಚಲ್ಲಣದ ಕಾಲಿನ ಸುತ್ತ ಬಳೆಯಂತೆ ಪೂರ್ತಿ ಹೊಲಿಯಬಾರದು. ನಾಲ್ಕೈದು ಸೆಂಟಿಮೀಟರಿನ ತುಂಡುಗಳನ್ನಾಗಿ ಕತ್ತರಿಸಿ, ತುಂಡುಗಳ ನಡುವೆ ಒಂದೆರಡು ಬೆರಳು ಜಾಗ ಬಿಟ್ಟು, ಅಂಚುಗಳಲ್ಲಿ ಮಾತ್ರ ಉದ್ದ ಟಾಕು ಹಾಕಿ ಕೂರಿಸಬೇಕು, ಬೆನ್ನ ಕಡೆಗೆ ಕಾಣುವಂತೆ ಕನಿಷ್ಠ ಎರಡು ತುಂಡು ಹಿಂಬದಿಗೆ ಬರಬೇಕು.